ಒಂಟಿ ಕಾಲಿನ ಚಿಮಟಾ: ಕೊಯ್ಯುವ ಮೊದಲು ಅಳೆಯಿರಿ

ಮಾನ್ಯ ಸಂಪಾದಕರೇ,

ಬೈಕಿನ ಹಿಂದಿನ ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ತೋಳಿಗೆ, ಅಂದರೆ ಸ್ವಿಂಗ್ ಆರ್ಮಿಗೆ, ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಚಿಮಟಾ ಅನ್ನುವ ರೂಢಿ. ಎರಡು ಕಾಲಿನ ನಡುವೆ ಚಕ್ರವನ್ನು ಇಕ್ಕಳದ ಹಾಗೆ ಹಿಡಿಯುತ್ತದೆ, ಅದಕ್ಕೆ ಆ ಹೆಸರು. ಈಗ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಹುಡುಗರು ಫೋಟೊ ಹಿಡಿದು ಬಂದು ಕೇಳುವುದು ಒಂಟಿ ಕಾಲಿನ ಚಿಮಟಾ. ಒಂದು ಬದಿಯಿಂದ ನೋಡಿದರೆ ಚಕ್ರ ಪೂರ್ತಿ ಬಯಲು, ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಹತ್ತು ಹದಿನೈದು ವರ್ಷ ಹಳೆಯ ಸ್ಪೋರ್ಟ್ಸ್ ಬೈಕಿಗೆ ಅದನ್ನು ಕೂರಿಸಿಕೊಡಿ ಎಂಬ ಬೇಡಿಕೆ. ಆಗದ ಕೆಲಸವೇನಲ್ಲ. ಆದರೆ ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸವೂ ಅಲ್ಲ. ಅರ್ಧ ತಿಳಿದು ಗ್ರೈಂಡರ್ ಹಿಡಿಯುವವರು ಹೆಚ್ಚುತ್ತಿರುವುದರಿಂದ ಈ ಉದ್ದನೆಯ ಪತ್ರ. ಪೂರ್ತಿ ಅಚ್ಚು ಹಾಕಬೇಕೆಂದು ಕೋರಿಕೆ.

ಈ ಒಂಟಿ ಕಾಲಿನ ಚಿಮಟಾ, ಅಂದರೆ ಒಂಟಿ ತೋಳು, ಹುಟ್ಟಿದ್ದು ಚೆಂದಕ್ಕಲ್ಲ. ಗಂಟೆಗಟ್ಟಲೆ ನಡೆಯುವ ಎಂಡ್ಯೂರೆನ್ಸ್ ರೇಸಿನಲ್ಲಿ ಚೈನು, ಬ್ರೇಕು ಮುಟ್ಟದೆ ಹಿಂದಿನ ಚಕ್ರವನ್ನು ಸರಕ್ಕನೆ ಬದಲಿಸಬೇಕಿತ್ತು. ಫ್ರಾನ್ಸಿನ ಎಲ್ಫ್ ತಂಡದ ಜೊತೆಗಿನ ಪ್ರಯೋಗದಿಂದ ಹೋಂಡಾ ಅದನ್ನು ಕಲಿತು, 1987ರಲ್ಲಿ ಬಂದ ವಿಎಫ್‌ಆರ್750ಆರ್ ಬೈಕಿಗೆ, ಅಂದರೆ ಆರ್‌ಸಿ30ಕ್ಕೆ ಹಾಕಿತು. 1994ರ ಡುಕಾಟಿ 916 ಅದಕ್ಕೆ ಸೌಂದರ್ಯದ ಪಟ್ಟ ಕಟ್ಟಿತು. ಅದೇ ಡುಕಾಟಿ 999ರಲ್ಲಿ ಜೋಡಿ ತೋಳಿಗೆ ಹೋಯಿತು, 1098ರಲ್ಲಿ ಒಂಟಿಗೆ ಬಂತು, 2025ರ ಪಾನಿಗಾಲೆ ವಿ4ರಲ್ಲಿ ಮತ್ತೆ ಜೋಡಿಗೆ ಹೋಗಿದೆ. ಚಕ್ರ ಬದಲಿಸುವ ಅವಸರ ಇಲ್ಲದ ಮೋಟೋಜಿಪಿ ಬೈಕುಗಳಲ್ಲೂ ಜೋಡಿ ತೋಳೇ ಇದೆ. ಅಷ್ಟೇ ಗಟ್ಟಿತನ ಬೇಕೆಂದರೆ ಒಂಟಿ ತೋಳು ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಇದನ್ನು ಹಾಕಿದರೆ ಗಾಡಿ ಓಡುತ್ತದೆ, ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂದ ಹಾಗೆ, ಚಕ್ರವನ್ನು ಒಂದೇ ಬದಿಯಲ್ಲಿ ಹಿಡಿಯುವುದು ನಮಗೆ ಹೊಸದೇನೂ ಅಲ್ಲ. ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದಿನ ಚಕ್ರ ನಿಂತಿದ್ದೇ ಹಾಗೆ.

ಮೊದಲು ಯಾವುದಕ್ಕೆ ಬೇಡ ಎಂಬುದನ್ನು ಹೇಳಿಬಿಡುತ್ತೇವೆ. ಕರಿಜ್ಮಾ, ಪಲ್ಸರ್ 220 ಥರದ ಎರಡು ಶಾಕ್ ಇರುವ ಗಾಡಿಗೆ ಬೇಡವೇ ಬೇಡ. ಅವುಗಳ ಫ್ರೇಮು ಹಿಂದಿನ ಭಾರವನ್ನು ಸೀಟಿನ ಕೆಳಗೆ ಎಡಬಲದಲ್ಲಿ ಹೊರುತ್ತದೆ. ಒಂಟಿ ತೋಳಿನ ಶಾಕ್ ನಡುವಿನಲ್ಲಿ, ಪಿವಟ್ಟಿನ (ತೋಳು ಫ್ರೇಮಿಗೆ ಸೇರಿ ಆಡುವ ಕೀಲಿನ) ಹಿಂದೆ ಒತ್ತುತ್ತದೆ. ಆ ಜಾಗದಲ್ಲಿ ಆ ಫ್ರೇಮುಗಳಿಗೆ ಎಲುಬೇ ಇಲ್ಲ. ಮೊದಲ ಆವೃತ್ತಿಯ ಆರ್15ಕ್ಕೆ ಮಾನೋಶಾಕ್ (ನಡುವಿನ ಒಂದೇ ಶಾಕ್), ಲಿಂಕೇಜ್ (ತೋಳಿಗೂ ಶಾಕಿಗೂ ನಡುವಿನ ಸನ್ನೆ) ಎರಡೂ ಇವೆ, ನಿಜ. ಆದರೆ 428 ಸೈಜಿನ ಚೈನು, 100 ಮಿ.ಮೀ. ಅಗಲದ ಟೈರು, ಪುಟ್ಟ ಎಂಜಿನ್. ಅದರ ಹಿಂದೆ ದೊಡ್ಡ ಬೈಕಿನ ಹಬ್ಬು, ಐದೂವರೆ ಇಂಚಿನ ರಿಮ್ಮು ಕಟ್ಟುವುದು ಕರುವಿನ ಹೆಗಲಿಗೆ ಎತ್ತಿನ ನೊಗ ಇಟ್ಟಂತೆ. ನಿಂಜಾ 250ಆರ್, ಸಿಬಿಆರ್250ಆರ್ ಗಡಿಯಲ್ಲಿವೆ. ಮಾನೋಶಾಕ್, 520 ಚೈನು ಇದ್ದರೂ ಶಕ್ತಿ ಇಪ್ಪತ್ತೈದು ಮೂವತ್ತು ಅಶ್ವಶಕ್ತಿಯ ಆಸುಪಾಸು. ಕೆಲಸ ಹಿಡಿದೀತು, ಗಾಡಿ ಮಾತ್ರ ಮಂಕಾಗುತ್ತದೆ. ಈ ಬದಲಾವಣೆ ಅರ್ಥಪೂರ್ಣವಾಗುವುದು ಹಳೆಯ ಸಿಬಿಆರ್600, ಸಿಬಿಆರ್900, ಜಿಎಸ್‌ಎಕ್ಸ್‌-ಆರ್ ಥರದ ಗಾಡಿಗಳಲ್ಲಿ.

ತೋಳು ಕೊಳ್ಳುವಾಗ ಬರೀ ತೋಳು ಕೊಳ್ಳಬೇಡಿ. ಒಂದೇ ಗಾಡಿಯಿಂದ ಬಿಚ್ಚಿದ ತೋಳು, ಎಕ್ಸೆಂಟ್ರಿಕ್ ಹಬ್ಬು (ತಿರುಗಿಸಿದರೆ ಆಕ್ಸಲ್ ಸರಿಯುವ ಹಬ್ಬು), ಆಕ್ಸಲ್, ಚಕ್ರ, ಸ್ಪ್ರಾಕೆಟ್ ಕ್ಯಾರಿಯರ್ (ಹಿಂದಿನ ಹಲ್ಲುಚಕ್ರ ಕೂರುವ ತಟ್ಟೆ), ಡಿಸ್ಕು, ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್, ಲಿಂಕೇಜಿನ ರಾಕರ್ ಮತ್ತು ಎರಡು ಪಟ್ಟಿಗಳು, ಸಾಧ್ಯವಾದರೆ ಶಾಕ್ ಕೂಡ, ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಅಗ್ಗಕ್ಕೆ ಸಿಕ್ಕಿತೆಂದು ಒಂದರ ಹಬ್ಬು, ಇನ್ನೊಂದರ ಚಕ್ರ ತಂದರೆ ಲೇತಿನ ಮುಂದೆ ವಾರಗಟ್ಟಲೆ ಕೂರಬೇಕಾಗುತ್ತದೆ. 1990ರಿಂದೀಚಿನ ಹೋಂಡಾ ವಿಎಫ್‌ಆರ್750ಎಫ್, ವಿಎಫ್‌ಆರ್800, 1997ರಿಂದೀಚಿನ ಟ್ರಯಂಫ್ ಸ್ಪೀಡ್ ಟ್ರಿಪಲ್, ಡುಕಾಟಿ ಮಾನ್ಸ್ಟರ್ 796, ಇವು ಒಂಟಿ ತೋಳು ಕೊಡುವ ಗಾಡಿಗಳು. ಮಾನ್ಸ್ಟರ್ ಎಂದಾಕ್ಷಣ ಮುಂಗಡ ಕೊಡಬೇಡಿ. ನಮ್ಮಲ್ಲಿ ಹೆಚ್ಚು ಓಡಾಡುವ 795ಕ್ಕೆ ಜೋಡಿ ತೋಳು, 796ಕ್ಕೆ ಒಂಟಿ. 400 ಸಿಸಿಯ ವಿಎಫ್‌ಆರ್400, ಅಂದರೆ ಎನ್‌ಸಿ30ರ ತೋಳು ಚಿಕ್ಕ ಗಾಡಿಗೆ ಸರಿಯಾದ ಗಾತ್ರವೇ. ಆದರೆ ಅದರ ಹಿಂದಿನ ಚಕ್ರ 18 ಇಂಚಿನದು, ಟೈರಿಗೆ ಪರದಾಡಬೇಕು. ಅದರ ತಮ್ಮ ಎನ್‌ಸಿ35ರದು 17. ಬಿಲ್ಲು ಮತ್ತು ಕಳಚಿದ ಗಾಡಿಯ ಚಾಸಿ ನಂಬರು ಕೊಡದವರಿಂದ ಏನನ್ನೂ ಕೊಳ್ಳಬೇಡಿ.

ತಾಯ್ಲೆಂಡ್, ಇಂಡೊನೇಷ್ಯಾ ಕಡೆಯಿಂದ ಬರುವ ರೆಡಿ ಕಿಟ್ಟುಗಳ ಬಗ್ಗೆ ಒಂದೇ ಮಾತು: ಪಿವಟ್ ಬೇರಿಂಗಿಗೆ ನಂಬರು ಇದೆಯೇ ನೋಡಿ. ನಂಬರಿಲ್ಲದ ಬೇರಿಂಗ್ ಸವೆದ ದಿನ ಕಿಟ್ಟು ಗುಜರಿಗೆ.

ಇನ್ನು ಕೆಲಸ. ಒಂದು ಬೋಲ್ಟನ್ನೂ ಬಿಚ್ಚುವ ಮೊದಲು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಐದು ಅಳತೆ ಬರೆದಿಟ್ಟುಕೊಳ್ಳಿ. ಪಿವಟ್ ನಡುವಿನಿಂದ ಆಕ್ಸಲ್ ನಡುವಿಗೆ. ಆಕ್ಸಲ್ ನಡುವಿನಿಂದ ನೇರ ಮೇಲಿರುವ ಸಬ್‌ಫ್ರೇಮಿನ (ಸೀಟು ಹೊರುವ ಹಿಂಬದಿ ಚೌಕಟ್ಟಿನ) ಒಂದು ಗುರುತಿಗೆ. ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ, ಅಂದರೆ ವೀಲ್‌ಬೇಸ್. ತೋಳು ನೆಲಕ್ಕೆ ಎಷ್ಟು ಡಿಗ್ರಿ ವಾಲಿದೆ ಎಂಬುದು, ಇದಕ್ಕೆ ಮೊಬೈಲಿನ ಲೆವೆಲ್ ಸಾಕು. ಕೊನೆಯದಾಗಿ, ಫ್ರೇಮಿನ ನಡುಗೆರೆಯಿಂದ ಮುಂದಿನ ಸ್ಪ್ರಾಕೆಟ್ಟಿನ ಹಲ್ಲಿನ ನಡುವಿಗೆ ಎಷ್ಟು ಮಿಲಿಮೀಟರ್ ಎಂಬುದು. ಗಾಡಿಯನ್ನು ಮೇಲಿನ ತೊಲೆಗೆ ಚೈನ್ ಪುಲ್ಲಿಯಿಂದ ಸಬ್‌ಫ್ರೇಮ್ ಹಿಡಿದು ತೂಗುಹಾಕಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಡಿ. ತೋಳನ್ನೇ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಇಲ್ಲಿ ಉಪಯೋಗಕ್ಕೆ ಬಾರದು. ಮುಂದೆಯೂ ಅಷ್ಟೇ: ಒಂಟಿ ತೋಳಿಗೆ ಹಬ್ಬಿನ ತೂತಿಗೆ ಗೂಟ ತೂರಿಸುವ ಬೇರೆಯೇ ಸ್ಟ್ಯಾಂಡ್ ಬೇಕು. ಅದರ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪಿವಟ್ಟಿನಲ್ಲಿ ಮುಖ್ಯ ಕೆಲಸ. ಎರಡು ಸಂಗತಿ ಹೊಂದಬೇಕು, ಬೋಲ್ಟಿನ ದಪ್ಪ ಮತ್ತು ಅಗಲ. ಗಾಡಿಯ ಪಿವಟ್ ಬೋಲ್ಟು 17 ಮಿ.ಮೀ., ಹೊಸ ತೋಳಿನ ಬೇರಿಂಗ್ 25 ಮಿ.ಮೀ. ಶಾಫ್ಟಿನದು ಎಂದಿಟ್ಟುಕೊಳ್ಳಿ. ಇಲ್ಲಿ ಹಲವರು ಮಾಡುವ ತಪ್ಪೇನೆಂದರೆ ಎಂಎಸ್ (ಮೆತ್ತನೆಯ ಉಕ್ಕಿನ) ಸರಳಿನಿಂದ ಬುಷ್ ಕಡೆದು ನೀಡಲ್ ಬೇರಿಂಗ್ ಒಳಗೆ ತೂರಿಸಿಬಿಡುವುದು. ನೀಡಲ್ ಬೇರಿಂಗಿನ ಸೂಜಿಗಳು ನೇರವಾಗಿ ಆ ಬುಷ್ಷಿನ ಮೇಲೆ ಉರುಳುತ್ತವೆ. ಮೆತ್ತನೆಯ ಉಕ್ಕಾದರೆ ಕೆಲವೇ ಸಾವಿರ ಕಿಲೋಮೀಟರಿಗೆ ಸೂಜಿಯ ಅಚ್ಚು ಬಿದ್ದು ಸಾಲು ಸಾಲು ಗೀರು, ಆಮೇಲೆ ಹಿಂಬದಿ ಬಾಲ ಅಲ್ಲಾಡಿಸುತ್ತದೆ. ಸರಿಯಾದ ದಾರಿ ಎಂದರೆ ಬೇರಿಂಗ್ ಅಂಗಡಿಯಲ್ಲಿ ಸಿಗುವ, ಗಡಸು ಮಾಡಿ ಗ್ರೈಂಡ್ ಮಾಡಿದ ಇನ್ನರ್ ರಿಂಗ್ ಬಳಸುವುದು. ಉದಾಹರಣೆಗೆ ಎಚ್‌ಕೆ2520 ನೀಡಲ್ ಬೇರಿಂಗ್: ಒಳಗೆ 25, ಹೊರಗೆ 32, ಅಗಲ 20 ಮಿ.ಮೀ. ಅದಕ್ಕೆ 20×25×20ರ ಐಆರ್ ಇನ್ನರ್ ರಿಂಗ್ ಕೂರುತ್ತದೆ. ಉಳಿದ 17ರಿಂದ 20ರ ಅಂತರಕ್ಕೆ ಮಾತ್ರ ಇಎನ್24 ಉಕ್ಕಿನ ಉದ್ದನೆಯ ಕೊಳವೆ ಕಡೆಯಿರಿ. ಗೋಡೆ ಒಂದೂವರೆ ಮಿ.ಮೀ. ಇರುತ್ತದೆ, ಆದ್ದರಿಂದ ಬೋಲ್ಟಿನ ತೂತನ್ನು ಡ್ರಿಲ್ ಮಾಡಿ ಬಿಡದೆ ರೀಮರ್ (ತೂತನ್ನು ಕರಾರುವಾಕ್ಕಾದ ಅಳತೆಗೆ ತರುವ ಹತಾರ) ಹಾಕಿ. ಬೋಲ್ಟಿಗೂ ಕೊಳವೆಗೂ ನಡುವೆ 0.02ರಿಂದ 0.05 ಮಿ.ಮೀ. ಸಡಿಲ ಸಾಕು. ಬೋಲ್ಟು ಬೆರಳಲ್ಲಿ ಒತ್ತಿದರೆ ಜಾರಬೇಕು, ತಾನೇ ಬೀಳಬಾರದು. ಈ ಕೆಲಸಕ್ಕೆ ಸಿಎನ್‌ಸಿ ಬೇಕಿಲ್ಲ. ಹರಿಹರದಲ್ಲೇ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್ ಇದ್ದು, ಅದರ ಬೆಡ್ ಸವೆಯದೆ ಇದ್ದರೆ, ಮೈಕ್ರೋಮೀಟರ್ ಓದಬಲ್ಲ ಕೈಗೆ ಅಷ್ಟು ಸಾಕು.

ಅಗಲದ ಲೆಕ್ಕ. ಫ್ರೇಮಿನ ಒಳ ಅಗಲ 220 ಮಿ.ಮೀ., ತೋಳಿನ ಪಿವಟ್ ಅಗಲ 205 ಇದ್ದರೆ 15 ಮಿ.ಮೀ. ಉಳಿಯಿತು. ಎರಡು ಬದಿಗೂ ಏಳೂವರೆ ಏಳೂವರೆ ಹಂಚಿ ಮುಗಿಸಬೇಡಿ. ಮೊದಲು ಹಾಗೆ ತಾತ್ಕಾಲಿಕವಾಗಿ ಕೂರಿಸಿ, ಚಕ್ರ ಹಾಕಿ, ನಡುಗೆರೆ ನೋಡಿ. ಚಕ್ರ 4 ಮಿ.ಮೀ. ಬಲಕ್ಕೆ ಇದ್ದರೆ ತೋಳನ್ನು 4 ಎಡಕ್ಕೆ ತಳ್ಳಬೇಕು: ಎಡಗಡೆ ಮೂರೂವರೆ, ಬಲಗಡೆ ಹನ್ನೊಂದೂವರೆಯ ಸ್ಪೇಸರ್. ಜೋಡಿ ತೋಳಿನಲ್ಲಾದರೆ ಆಕ್ಸಲಿಗೆ ವಾಷರ್ ಹಾಕಿ ಚಕ್ರ ಸರಿಸಬಹುದು. ಒಂಟಿ ತೋಳಿನಲ್ಲಿ ಚಕ್ರ ಹಬ್ಬಿನ ಮುಖಕ್ಕೆ ಕಚ್ಚಿ ಕೂರುವುದರಿಂದ ಆ ಆಟ ನಡೆಯುವುದಿಲ್ಲ. ಸರಿಸುವುದಿದ್ದರೆ ಇಡೀ ತೋಳನ್ನು ಪಿವಟ್ಟಿನಲ್ಲೇ ಸರಿಸಬೇಕು. ತೋಳೇ ಫ್ರೇಮಿಗಿಂತ ಅಗಲವಾದರೆ ತೋಳಿನ ಮುಖವನ್ನು ಕಡೆಯಬಹುದು, ಅದೂ ಡಸ್ಟ್ ಸೀಲ್ ಕೂರುವ ಆಳ ಉಳಿಯುವಷ್ಟು ಮಾತ್ರ. ಫ್ರೇಮಿಗೆ ಗ್ರೈಂಡರ್ ಮುಟ್ಟಿಸಬೇಡಿ.

ನಡುಗೆರೆ ಹಿಡಿಯಲು ಲೇಸರ್ ಬೇಡ, ಗಾರೆ ಕೆಲಸದವರ ದಾರ ಸಾಕು. ಹಿಂದಿನ ಟೈರಿನ ಎರಡು ಬದಿಗೂ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ದಾರ ತಾಗಿಸಿ ಮುಂದಕ್ಕೆ ಎಳೆಯಿರಿ. ಹಿಂದಿನ ಟೈರು ವರ್ನಿಯರಿನಲ್ಲಿ 178, ಮುಂದಿನದು 118 ಬಂದರೆ ಮುಂದಿನ ಟೈರಿನ ಎರಡು ಬದಿಯಲ್ಲೂ ದಾರಕ್ಕೆ 30 ಮಿ.ಮೀ. ಅಂತರ ಸಮವಾಗಿರಬೇಕು. ಟೈರಿನ ಮೇಲೆ ಬರೆದ 180, 120 ನಂಬಿ ಲೆಕ್ಕ ಹಾಕಬೇಡಿ. ಬರೆದದ್ದಕ್ಕೂ ಇರುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಚಕ್ರ ನಡುವಿಗೆ ಬಂತು. ಈಗ ಚೈನು. ಎಲ್ಲರೂ ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಅಂಕಿಗಳ ಸಮೇತ ಹೇಳುತ್ತೇವೆ. ಮುಂದಿನ ಸ್ಪ್ರಾಕೆಟ್ ನಡುಗೆರೆಯಿಂದ 98 ಮಿ.ಮೀ., ಹಿಂದಿನದು 104 ಎಂದಿರಲಿ. 6 ಮಿ.ಮೀ. ವ್ಯತ್ಯಾಸ. ಸುಲಭದ ದಾರಿ ಎಂದು ಹಿಂದಿನ ಕ್ಯಾರಿಯರನ್ನು 6 ಮಿ.ಮೀ. ಕಡೆದು ಸ್ಪ್ರಾಕೆಟ್ ಒಳಗೆ ತರುತ್ತಾರೆ. 180ರ ಟೈರಿನ ಅರ್ಧ 90. ಚೈನಿನ ಅರ್ಧ ಅಗಲ ಪಿನ್ನಿನ ತಲೆ ಸೇರಿ ಸುಮಾರು 10. ಸ್ಪ್ರಾಕೆಟ್ 98ಕ್ಕೆ ಬಂದರೆ ಚೈನಿನ ಒಳ ಅಂಚು 88ರಲ್ಲಿ. ಟೈರು 90ರಲ್ಲಿ! ಚೈನು ಟೈರನ್ನು ಗರಗಸದ ಹಾಗೆ ಕೊಯ್ಯುತ್ತದೆ. ಆದ್ದರಿಂದ ಹಿಂದಿನದನ್ನು ಮುಟ್ಟದೆ ಮುಂದಿನದನ್ನೇ 6 ಮಿ.ಮೀ. ಹೊರಕ್ಕೆ ತರಬೇಕು, ಅಂದರೆ ಆಫ್‌ಸೆಟ್ ಸ್ಪ್ರಾಕೆಟ್. ಆಗಲೂ 104ರಿಂದ 10 ಕಳೆದರೆ 94. ಟೈರಿಗೆ ಉಳಿಯುವುದು ಬರೀ 4 ಮಿ.ಮೀ. ವೇಗದಲ್ಲಿ ಟೈರು ಉಬ್ಬುತ್ತದೆ, ಚೈನು ಬಳುಕುತ್ತದೆ. ನಮ್ಮ ಅಭಿಪ್ರಾಯದಲ್ಲಿ 6ಕ್ಕಿಂತ ಕಡಿಮೆ ಬೇಡ. 170ರ ಟೈರು ಹಾಕಿದರೆ ಅರ್ಧ 85, ಅಂತರ 9, ನೆಮ್ಮದಿ. ಆದರೆ ಐದೂವರೆ ಇಂಚಿನ ರಿಮ್ಮಿಗೆ 170 ಹೊಂದುತ್ತದೆಯೇ ಎಂದು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. 150 ಹಾಕುವ ಆಸೆ ಮಾತ್ರ ಬೇಡ, ಟೈರಿನ ಬಾಯಿ ಅಗಲಿಸಿ ನೆತ್ತಿ ಚಪ್ಪಟೆಯಾಗುತ್ತದೆ, ವಾಲಿದಾಗ ಅಂಚು ಮೊದಲೇ ಮುಗಿದುಹೋಗುತ್ತದೆ.

ಆಫ್‌ಸೆಟ್ ಸ್ಪ್ರಾಕೆಟನ್ನು ಹಳೆಯ ಸ್ಪ್ರಾಕೆಟ್ಟಿಗೆ ಪ್ಲೇಟು ವೆಲ್ಡ್ ಮಾಡಿ ಮಾಡಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ಹಲ್ಲಿನ ಗಡಸು ಹೋಗುತ್ತದೆ, ಜೊತೆಗೆ ಓಲಾಡುತ್ತದೆ. ಇಎನ್19 ಉಕ್ಕಿನ ದಿಂಡಿನಿಂದ ಕಡೆದು, ಒಳಗಿನ ಸ್ಪ್ಲೈನನ್ನು (ಶಾಫ್ಟಿಗೆ ಕಚ್ಚುವ ಹಲ್ಲಿನ ಸಾಲನ್ನು) ವೈರ್ ಕಟ್ ಮಾಡಿಸಿ, ಹಲ್ಲಿಗೆ ಇಂಡಕ್ಷನ್ ಹಾರ್ಡನಿಂಗ್ ಕೊಡಿಸಿ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಒಂದೇ ಒಂದು ಪೀಸು ಮಾಡಿಕೊಡುವವರಿದ್ದಾರೆ. ನಟ್ಟು ಪೂರ್ತಿ ಥ್ರೆಡ್ ಹಿಡಿಯುತ್ತದೆಯೇ, ಸ್ಪ್ರಾಕೆಟ್ ಕವರ್ ಮತ್ತು ಗೇರ್ ಶಾಫ್ಟಿಗೆ ಚೈನು ತಾಗುತ್ತದೆಯೇ ನೋಡಿ. 8 ಮಿ.ಮೀ. ದಾಟಿದ ಆಫ್‌ಸೆಟ್ ಔಟ್‌ಪುಟ್ ಶಾಫ್ಟಿನ ಬೇರಿಂಗಿಗೆ ಶಾಪ. ಅಷ್ಟು ಬೇಕಾಗುವ ತೋಳನ್ನು ಮಾರಿ ಬೇರೆ ಹುಡುಕುವುದು ಲೇಸು. ಚೈನಿನ ಸೈಜು ಬೇರೆ ಇದ್ದರೆ ಗಾಬರಿ ಬೇಡ. 520, 525, 530 ಮೂರಕ್ಕೂ ಪಿಚ್ ಒಂದೇ, 15.875 ಮಿ.ಮೀ. ಬದಲಾಗುವುದು ಒಳ ಅಗಲ. ಮುಂದಿನ ಹಿಂದಿನ ಸ್ಪ್ರಾಕೆಟ್ ಎರಡನ್ನೂ ಒಂದೇ ಸೈಜಿಗೆ ತಂದರಾಯಿತು. 428ರ ಪಿಚ್ಚೇ ಬೇರೆ, 12.7, ಅದು ಈ ಬಳಗಕ್ಕೆ ಸೇರದು.

ಶಾಕ್ ವಿಚಾರದಲ್ಲಿ ಕಣ್ಣಳತೆ ನಡೆಯುವುದಿಲ್ಲ. ಚಕ್ರ ಎಷ್ಟು ಮೇಲೇಳುತ್ತದೆ, ಅದಕ್ಕೆ ಶಾಕ್ ಎಷ್ಟು ಕುಗ್ಗುತ್ತದೆ ಎಂಬ ಅನುಪಾತವೇ ಎಲ್ಲ. ಮೂಲದಲ್ಲಿ ಚಕ್ರ 120 ಮಿ.ಮೀ. ಎದ್ದಾಗ ಶಾಕ್ 48 ಕುಗ್ಗುತ್ತಿತ್ತು ಅನ್ನಿ, ಅನುಪಾತ ಎರಡೂವರೆ. ಹೊಸ ತೋಳಿನಲ್ಲಿ ಶಾಕ್ ಪಿವಟ್ಟಿಗೆ ಹತ್ತಿರ ಬಂದು ಅನುಪಾತ ಮೂರಾದರೆ, ಸ್ಪ್ರಿಂಗ್ ಅಷ್ಟೇ ಪ್ರಮಾಣದಲ್ಲಿ ಗಟ್ಟಿಯಾದರೆ ಸಾಲದು, ಅದರ ವರ್ಗದಷ್ಟು ಆಗಬೇಕು: 1.2ರ ವರ್ಗ 1.44. ಮಿಲಿಮೀಟರಿಗೆ 90 ನ್ಯೂಟನ್ನಿನ ಸ್ಪ್ರಿಂಗ್ ಇದ್ದ ಕಡೆ 130ರದು ಬೇಕು. ಇದನ್ನು ತಿಳಿಯದೆ ಹಳೆಯ ಶಾಕನ್ನೇ ಹಾಕಿ, ಕುಸಿಯುತ್ತದೆ ಎಂದು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ತಿರುಪು) ಪೂರ್ತಿ ತಿರುಗಿಸಿ, ಆಮೇಲೆ ಶಾಕ್ ಕಂಪನಿಯನ್ನು ಬೈಯುವವರು ಬಹಳ. ಪ್ರೀಲೋಡ್ ಎತ್ತರವನ್ನು ಬದಲಿಸುತ್ತದೆ, ಸ್ಪ್ರಿಂಗಿನ ಗಟ್ಟಿತನವನ್ನಲ್ಲ.

ಅಳೆಯುವುದು ಹೀಗೆ. ಶಾಕಿನ ಸ್ಪ್ರಿಂಗ್ ಬಿಚ್ಚಿ ಬರೀ ಡ್ಯಾಂಪರನ್ನು ಕೂರಿಸಿ. ಚಕ್ರದ ಕೆಳಗೆ ಜ್ಯಾಕ್ ಇಟ್ಟು ಹತ್ತು ಹತ್ತು ಮಿಲಿಮೀಟರ್ ಎತ್ತುತ್ತಾ ಪ್ರತಿ ಸಲ ಶಾಕಿನ ಕಣ್ಣಿನಿಂದ ಕಣ್ಣಿಗೆ ಅಳತೆ ಬರೆಯಿರಿ. ಹನ್ನೆರಡು ಸಾಲಿನ ಪಟ್ಟಿ, ಅರ್ಧ ಗಂಟೆಯ ಕೆಲಸ. ಮೇಲೆ ಹೋದಂತೆ ಶಾಕಿನ ಕುಗ್ಗುವಿಕೆ ಹೆಚ್ಚುತ್ತಾ ಹೋಗಬೇಕು. ಕಡಿಮೆಯಾಗುತ್ತಾ ಹೋದರೆ ಲಿಂಕೇಜಿನ ಕೋನ ತಪ್ಪಿದೆ, ಗಾಡಿ ಹಂಪಿನ ಮೇಲೆ ತಳ ಮುಟ್ಟುತ್ತದೆ. ಇದೇ ಹೊತ್ತಿನಲ್ಲಿ, ಪೂರ್ತಿ ಕುಗ್ಗಿದ ಸ್ಥಿತಿಯಲ್ಲಿ, ಟೈರಿಗೂ ಸೀಟಿನ ತಳ, ಬ್ಯಾಟರಿ ಪೆಟ್ಟಿಗೆ, ವೈರಿಂಗಿಗೂ ಕನಿಷ್ಠ 15 ಮಿ.ಮೀ. ಜಾಗ ಇದೆಯೇ ನೋಡಿಕೊಳ್ಳಿ. ಚೈನಿನ ಸಡಿಲವನ್ನೂ ಈಗಲೇ ಹೊಂದಿಸಿ. ಮುಂದಿನ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿ. ಆ ಜಾಗದಲ್ಲೂ ಬೆರಳಿಗೆ ಸಿಗುವಷ್ಟು ಸಡಿಲ ಉಳಿಯಬೇಕು.

ಲಿಂಕೇಜನ್ನು ಫ್ರೇಮಿಗೆ ಹಿಡಿಸಲು ಹೊಸ ಬ್ರಾಕೆಟ್ ಬೇಕಾಗುತ್ತದೆ. ಉಕ್ಕಿನ ಫ್ರೇಮಾದರೆ 6 ಮಿ.ಮೀ. ಪ್ಲೇಟು, ತ್ರಿಕೋನದ ಗಸೆಟ್, ಟಿಗ್ ವೆಲ್ಡಿಂಗ್. ಚಾಸಿ ನಂಬರಿನ ಹತ್ತಿರ ಶಾಖವಾಗಲಿ, ಗ್ರೈಂಡರ್ ಆಗಲಿ ಹೋಗಬಾರದು. ಅಲ್ಯೂಮಿನಿಯಂ ಫ್ರೇಮಾದರೆ ವೆಲ್ಡಿಂಗ್ ಬೇಡ, ಎಂಜಿನ್ ಮೌಂಟ್ ಬೋಲ್ಟುಗಳನ್ನೇ ಹಿಡಿದು ಬೋಲ್ಟ್ ಮಾಡುವ ಅಡ್ಡ ಬ್ರಾಕೆಟ್ ಕಡೆಸಿ. ಕೊನೆಗೆ ಆಕ್ಸಲ್ ಎತ್ತರ ಮೊದಲು ಬರೆದಿಟ್ಟ ಅಳತೆಗೇ ಬರಬೇಕು. 1400 ಮಿ.ಮೀ. ವೀಲ್‌ಬೇಸಿನ ಗಾಡಿಯಲ್ಲಿ ಹಿಂಬದಿ 25 ಮಿ.ಮೀ. ಎದ್ದರೆ ಮುಂದಿನ ಫೋರ್ಕಿನ ಕೋನ ಒಂದು ಡಿಗ್ರಿ ನೆಟ್ಟಗಾಗುತ್ತದೆ, ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲಕ್ಕೆ ತಾಗುವ ಜಾಗಕ್ಕೂ ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಸುಮಾರು 6 ಮಿ.ಮೀ. ಕಡಿಮೆಯಾಗುತ್ತದೆ. ಹ್ಯಾಂಡಲ್ ಹಗುರಾಯಿತು ಎಂದು ಖುಷಿಪಡುವವರು ಹೆದ್ದಾರಿಯ ವೇಗದಲ್ಲಿ ಅದು ನಡುಗಿದಾಗ ಕಾರಣ ಹುಡುಕುತ್ತಾರೆ. ಸವಾರ ಕೂತಾಗ ಹಿಂಬದಿ 30ರಿಂದ 35 ಮಿ.ಮೀ. ಇಳಿಯಬೇಕು, ಯಾರೂ ಕೂರದೆ ತನ್ನ ಭಾರಕ್ಕೇ 5ರಿಂದ 10.

ಎಕ್ಸೆಂಟ್ರಿಕ್ ಹಬ್ಬು ಚೈನು ಬಿಗಿ ಮಾಡುವ ವ್ಯವಸ್ಥೆ. ಪಿಂಚ್ ಬೋಲ್ಟು (ಹಬ್ಬನ್ನು ತೋಳಿನಲ್ಲಿ ಬಿಗಿಹಿಡಿಯುವ ಬೋಲ್ಟು) ಸಡಿಲಿಸಿ ಸಿ-ಸ್ಪ್ಯಾನರಿನಿಂದ ತಿರುಗಿಸಿದರೆ ಆಕ್ಸಲ್ ವೃತ್ತದಲ್ಲಿ ಸರಿಯುತ್ತದೆ, ಅಂದರೆ ಹಿಂದೆ ಸರಿಯುವುದರ ಜೊತೆ ಮೇಲೋ ಕೆಳಗೋ ಹೋಗುತ್ತದೆ. ಹಾಗಾಗಿ ಎತ್ತರ ಅಳೆಯುವ ಮೊದಲೇ ಚೈನು ಹೊಂದಿಸಿರಬೇಕು. ಪಿಂಚ್ ಬೋಲ್ಟಿಗೆ ಪೈಪು ಹಾಕಿ ಜಗ್ಗಿದರೆ ತೋಳಿನ ಕಿವಿ ಸೀಳುತ್ತದೆ, ಆಮೇಲೆ ಇಡೀ ತೋಳು ಗುಜರಿ. ಹೋಂಡಾ ಹಬ್ಬಿನಲ್ಲಿ ಒಂದು ಬದಿ ದೊಡ್ಡ ನೀಡಲ್ ಬೇರಿಂಗ್, ಇನ್ನೊಂದು ಬದಿ ಬಾಲ್ ಬೇರಿಂಗ್. ಹಳೆಯ ತೋಳಿನಲ್ಲಿ ಈ ನೀಡಲ್ ಬೇರಿಂಗಿನ ಗ್ರೀಸು ಒಣಗಿರುವುದೇ ಹೆಚ್ಚು. ತಂದ ತಕ್ಷಣ ಬಿಚ್ಚಿ, ಹೊಸದು ಹಾಕಿ. ಚಕ್ರಕ್ಕೆ ನಡುವೆ ಒಂದೇ ದೊಡ್ಡ ನಟ್ಟು ಇರುವ ತೋಳಾದರೆ ಅದಕ್ಕೆ ಮಾಮೂಲು ಟಾರ್ಕ್ ರೆಂಚ್ ಎಟುಕುವುದಿಲ್ಲ, 200 ನ್ಯೂಟನ್ ಮೀಟರ್ ದಾಟುವ ಕಾರಿನ ರೆಂಚ್ ತನ್ನಿ. ಅಂಕಿಯನ್ನು ತೋಳು ಬಂದ ಗಾಡಿಯ ಕೈಪಿಡಿಯಿಂದ ತೆಗೆದುಕೊಳ್ಳಿ, ನಿಮ್ಮ ಗಾಡಿಯದರಿಂದಲ್ಲ. ಲಾಕ್ ಕ್ಲಿಪ್ ಹೊಸದಿರಲಿ.

ಬ್ರೇಕಿನಲ್ಲಿ ಒಂದು ಬಲೆ ಇದೆ. ವಿಎಫ್‌ಆರ್800ರದು ಮುಂದೆ ಹಿಂದೆ ಜೋಡಿಸಿದ ಬ್ರೇಕು. ಹಿಂದಿನ ಕ್ಯಾಲಿಪರಿನ ಮೂರು ಪಿಸ್ಟನ್ನುಗಳು ಎರಡು ಬೇರೆ ಬೇರೆ ಪೈಪುಗಳಿಂದ ಎಣ್ಣೆ ಪಡೆಯುತ್ತವೆ. ಒಂದೇ ಪೈಪು ಕೊಟ್ಟರೆ ಉಳಿದ ಪಿಸ್ಟನ್ ಸುಮ್ಮನೆ ಕೂತು ತುಕ್ಕು ಹಿಡಿಯುತ್ತದೆ, ಪ್ಯಾಡು ಓರೆ ಸವೆಯುತ್ತದೆ. ಎರಡಕ್ಕೂ ಎಣ್ಣೆ ಹೋಗುವಂತೆ ಪೈಪು ಕೂಡಿಸಿ, ಇಲ್ಲವೇ ವಿಎಫ್‌ಆರ್750ರ ತೋಳನ್ನೇ ಹುಡುಕಿ. ಎಬಿಎಸ್ ಇರುವ ಗಾಡಿಗೆ ಸೆನ್ಸರ್ ರಿಂಗಿನ ಹಲ್ಲಿನ ಎಣಿಕೆ ಮೂಲದಷ್ಟೇ ಇರಬೇಕು. ಟೈರಿನ ಎತ್ತರದಿಂದ ತೊಂದರೆಯಾಗದು: 140/70-17 ಸುಮಾರು 628 ಮಿ.ಮೀ., 180/55-17 ಸುಮಾರು 630.

ಈಗ ನಿಜವಾಗಿ ಹೆದರಬೇಕಾದ ವಿಷಯ. ಎರಕದ ಅಲ್ಯೂಮಿನಿಯಂ ತೋಳನ್ನು ಕೊಯ್ದು, ಗಿಡ್ಡ ಮಾಡಿ, ಬೆಸೆದು ಕೊಡುವವರಿದ್ದಾರೆ. ಗಡಸು ಮಾಡಿದ 6061-ಟಿ6 ಅಲ್ಯೂಮಿನಿಯಮ್ಮೇ ಬೆಸುಗೆಯ ಪಕ್ಕದಲ್ಲಿ ತನ್ನ ಬಲದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಣ್ಣೆ ಹೀರಿದ ಹಳೆಯ ಎರಕದಲ್ಲಿ ಬೆಸುಗೆಯೊಳಗೆ ಗುಳ್ಳೆಗಳು ಬೇರೆ. ಮೇಲಿನಿಂದ ಮೀನಿನ ಪೊರೆಯ ಹಾಗೆ ಚೆಂದದ ಸಾಲು ಕಾಣಬಹುದು, ಒಳಗೆ ಏನಿದೆಯೋ ಕಾಣದು. ಇನ್ನು ಕೆಲವರು ಉಕ್ಕಿನ ಚೌಕ ಪೈಪಿನಿಂದಲೇ ಒಂಟಿ ತೋಳು ಕಟ್ಟುತ್ತಾರೆ. ಅವರು ಭಾರವನ್ನು ಲೆಕ್ಕ ಹಾಕುತ್ತಾರೆ, ತಿರುಚನ್ನು ಹಾಕುವುದಿಲ್ಲ. ಹಿಂದಿನ ಚಕ್ರದ ಮೇಲೆ 150 ಕೆ.ಜಿ., ಚಕ್ರದ ನಡುವಿನಿಂದ ತೋಳಿನ ನಡುವಿಗೆ 110 ಮಿ.ಮೀ. ಇದ್ದರೆ ಗಾಡಿ ಸುಮ್ಮನೆ ನಿಂತಾಗಲೇ ತೋಳಿನ ಮೇಲೆ ಸುಮಾರು 160 ನ್ಯೂಟನ್ ಮೀಟರ್ ತಿರುಚು ಬಲ. ಬಟ್ಟೆ ಹಿಂಡಿದ ಹಾಗೆ. ಬಣ್ಣ ಬಳಿಯದ ನಮ್ಮ ರಸ್ತೆ ಉಬ್ಬುಗಳ ಮೇಲೆ ಅದು ಮೂರು ಪಟ್ಟಾದರೆ 480. ಜೋಡಿ ತೋಳಿನಲ್ಲಿ ಭಾರ ಎರಡು ಬದಿಗೆ ಹಂಚಿ ಹೋಗುವುದರಿಂದ ಈ ತಿರುಚು ಹುಟ್ಟುವುದಿಲ್ಲ. ಇಲ್ಲಿ ಅಷ್ಟೂ ಒಂದು ಬೆಸುಗೆಯ ಮೇಲೆ, ದಿನಕ್ಕೆ ನೂರಾರು ಸಲ. ತೋಳನ್ನು ಗಾಡಿಗೆ ಹೊಂದಿಸಲು ಬುಷ್ ಕಡೆಯಿರಿ, ಸ್ಪೇಸರ್ ಕಡೆಯಿರಿ, ಬ್ರಾಕೆಟ್ ಕಟ್ಟಿ. ತೋಳನ್ನು ಮಾತ್ರ ಕೊಯ್ಯಬೇಡಿ. ಇಡೀ ಪತ್ರದಲ್ಲಿ ಒಂದೇ ಸಾಲು ಉಳಿಸಿಕೊಳ್ಳುವುದಿದ್ದರೆ ಇದನ್ನು ಉಳಿಸಿಕೊಳ್ಳಿ.

ಹಳೆಯ ತೋಳು ಕೊಂಡ ದಿನವೇ ಬಿರುಕು ಪರೀಕ್ಷೆ ಮಾಡಿ. ಬಣ್ಣ ತೆಗೆದು, ಡೈ ಪೆನೆಟ್ರೆಂಟ್ ಕೆಂಪು ಸ್ಪ್ರೇ ಹೊಡೆದು 10ರಿಂದ 15 ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಏಳುತ್ತದೆ. ಪಿಂಚ್ ಬೋಲ್ಟಿನ ಕಿವಿ, ಪಿವಟ್ ಕೊಳವೆಯ ಬುಡ, ಶಾಕ್ ಮೌಂಟ್, ಈ ಮೂರು ಜಾಗ. ಅಯಸ್ಕಾಂತದ ಪುಡಿಯ ಪರೀಕ್ಷೆ ಅಲ್ಯೂಮಿನಿಯಮ್ಮಿಗೆ ನಡೆಯದು.

ಕೆಲಸ ಮುಗಿದ ಮೇಲೆ ಪ್ರತಿ ನಟ್ಟಿಗೂ ಹಳದಿ ಬಣ್ಣದ ಗೆರೆ ಎಳೆಯಿರಿ. 50 ಕಿ.ಮೀ.ಗೆ ಒಮ್ಮೆ, 200ಕ್ಕೆ ಒಮ್ಮೆ, 500ಕ್ಕೆ ಒಮ್ಮೆ ನೋಡಿ, ಗೆರೆ ತುಂಡಾಗಿದ್ದರೆ ನಟ್ಟು ಸರಿದಿದೆ. ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತಂದು ಸುರಿಯುವ ಕೆಸರು ಬಯಲಾದ ಹಬ್ಬಿಗೆ ನೇರ ಬಡಿಯುತ್ತದೆ. ಪ್ರೆಷರ್ ಪಂಪಿನಿಂದ ಸೀಲಿಗೆ ನೀರು ಹೊಡೆಸಿದರೆ ಆ ಕೆಸರನ್ನು ನೀವೇ ಒಳಗೆ ತಳ್ಳಿದಂತೆ. ಬಟ್ಟೆಯಲ್ಲಿ ಒರೆಸಿ.

ಕಾನೂನನ್ನು ಮುಚ್ಚಿಟ್ಟು ಈ ಪತ್ರ ಮುಗಿಸುವುದು ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂನ 4ನೇ ಉಪಕಲಂ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ನೋಂದಣಿ ವಿವರದಲ್ಲಿ ವೀಲ್‌ಬೇಸ್, ಖಾಲಿ ತೂಕ ಎರಡೂ ಇರುತ್ತವೆ. ತೋಳು ಬದಲಾದರೆ ಎರಡೂ ಬದಲಾಗಬಹುದು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ. ಚಕ್ರ ಬಯಲಾಗಿ ಕಾಣಲೆಂದು ಸೀರೆ ಗಾರ್ಡ್ ಕಿತ್ತೊಗೆಯುವವರಿಗೆ ಇನ್ನೂ ಒಂದು: ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ರೇಸ್ ಟ್ರ್ಯಾಕಿಗೆ ಮಾತ್ರ ಸಾಗಿಸಿ ಓಡಿಸುವ ಗಾಡಿಯ ಮಾತು ಬೇರೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಎರಡು ಬೇಡಿಕೆ. ದಾವಣಗೆರೆಯ ಕೆಎ-17 ಮತ್ತು ಚಿತ್ರದುರ್ಗದ ಕೆಎ-16ರ ಸಾರಿಗೆ ಕಚೇರಿಗಳು ದ್ವಿಚಕ್ರ ವಾಹನದಲ್ಲಿ ಯಾವ ಬದಲಾವಣೆಗೆ ಅನುಮತಿ ಉಂಟು, ಯಾವುದಕ್ಕೆ ಇಲ್ಲ, ಉಂಟಾದರೆ ಯಾವ ಅರ್ಜಿ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದು ಫಲಕಕ್ಕೆ ಹಾಕಲಿ. ಗ್ಯಾರೇಜಿನವರೂ ಅದರ ಪ್ರತಿಯನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇವೆ, ಹುಡುಗರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ. ಎರಡನೆಯದು, ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದಾದರೂ ತಿಂಗಳಿಗೆ ಒಂದು ಶನಿವಾರ ಶುಲ್ಕ ಪಡೆದು ಬಿರುಕು ಪರೀಕ್ಷೆ ಮತ್ತು ಗಡಸು ಪರೀಕ್ಷೆಗೆ ತಮ್ಮ ಪ್ರಯೋಗಾಲಯದ ಬಾಗಿಲು ತೆರೆಯಲಿ. ಬರುವುದು ಬೈಕಿನ ತೋಳು ಮಾತ್ರವಲ್ಲ, ಟ್ರ್ಯಾಕ್ಟರಿನ ಹುಕ್ಕು, ಟ್ರೇಲರಿನ ಆಕ್ಸಲ್ಲೂ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಇತಿ,
ಲೇತ್ ಮತ್ತು ಗ್ಯಾರೇಜ್ ಕೆಲಸದ ಕೆಲವರು,
ದಾವಣಗೆರೆ